ಟ್ಯಾಂಕ್ ಮೇಲೆ ಜಾವಾ, ಇಂಜಿನ್ ಮೇಲೆ ಯೆಜ್ಡಿ: ಅಜ್ಜನ ಗಾಡಿ ಯಾವುದು?

ಪ್ರಶ್ನೆ: ಅರಕಲಗೂಡು ಹತ್ತಿರ ನಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಒಂದು ಹಳೇ ಬೈಕ್ ಇದೆ. ಇಪ್ಪತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಟ್ಯಾಂಕ್ ಮೇಲೆ ಜಾವಾ ಬ್ಯಾಡ್ಜ್ ಇದೆ. ಆದರೆ ಇಂಜಿನ್‌ನ ಕವರ್ ಮೇಲೆ ಯೆಜ್ಡಿ ಅಂತ ಉಬ್ಬು ಅಕ್ಷರ ಇದೆ. ಆರ್‌ಸಿ ಅಜ್ಜನ ಹೆಸರಿನಲ್ಲೇ ಇದೆ. ಅದರಲ್ಲಿ ತಯಾರಕರು ‘ಐಡಿಯಲ್ ಜಾವಾ’, ನೋಂದಣಿ 1975. ನಂಬರ್ ಎಂವೈ ಅಂತ ಶುರುವಾಗುತ್ತದೆ. ಚಿಕ್ಕಪ್ಪ ಇದು 1961ರ ಮೊದಲ ಬ್ಯಾಚಿನ ಜಾವಾ ಅಂತಾರೆ. ಊರಿನ ಮೆಕ್ಯಾನಿಕ್ ಮಾಮೂಲಿ ಯೆಜ್ಡಿ ಅಂತಾರೆ. ಬೆಂಗಳೂರಿಂದ ಬಂದ ಒಬ್ಬರು ‘ಟ್ಯಾಂಕ್ ಮಾತ್ರ ಕೊಡಿ, ಮಿಕ್ಕಿದ್ದು ಗುಜರಿ’ ಎಂದರು. ಯಾರ ಮಾತು ನಂಬುವುದು? ಪೇಂಟ್ ಮಾಡಿಸಿ ಆಮೇಲೆ ಗೊತ್ತಿರುವವರಿಗೆ ತೋರಿಸಲಾ?

ಉತ್ತರ: ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪೇಂಟ್ ಮಾಡಿಸಬೇಡಿ. ಸರ್ವಿಸ್ ಸ್ಟೇಷನ್‌ಗೆ ಒಯ್ದು ಪ್ರೆಷರ್ ನೀರು ಹೊಡೆಸಲೂ ಬೇಡಿ. ಈ ಗಾಡಿ ಏನು ಅಂತ ಹೇಳುವ ಗುರುತುಗಳಲ್ಲಿ ಅರ್ಧ ಆ ಧೂಳು, ಗ್ರೀಸು, ಹಳೇ ಬಣ್ಣದ ಕೆಳಗೇ ಕೂತಿವೆ. ಎಷ್ಟೋ ಜನ ಮೊದಲು ಪಳಪಳ ಮಾಡಿಸಿಕೊಂಡು ಆಮೇಲೆ ನನ್ನ ಹತ್ತಿರ ತರುತ್ತಾರೆ. ಆಗ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನೀವು ಬರೆದಿರುವುದನ್ನಷ್ಟೇ ಇಟ್ಟುಕೊಂಡು ಹೇಳುವುದಾದರೆ, ಇದು 1975ರ ಆಸುಪಾಸಿನ ಯೆಜ್ಡಿ. ಅದರ ಮೇಲೆ ಬೇರೆ ಯಾವುದೋ ಜಾವಾದ ಟ್ಯಾಂಕ್ ಬಂದು ಕೂತಿದೆ. ಚಿಕ್ಕಪ್ಪನವರಿಗೆ ಬೇಜಾರಾಗಬಹುದು. ಆದರೆ ಅವರು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಜಾವಾ ಚೆಕ್ ದೇಶದ ಹೆಸರು. ಫ್ರಾಂಟಿಸೆಕ್ ಯಾನೆಚೆಕ್ ಎಂಬುವವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಅವರ ಹೆಸರಿನ ‘ಜಾ’, ಆ ಕಂಪನಿಯ ‘ವಾ’ ಸೇರಿ ಜಾವಾ ಆಯಿತು. ನಮ್ಮಲ್ಲಿ ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್. 1961ರಲ್ಲಿ ಗಾಡಿ ಹೊರಬರುವುದಕ್ಕೆ ಶುರುವಾಯಿತು. ಚೆಕ್ಕರ 353 ಮಾಡೆಲ್ಲೇ ಇಲ್ಲಿಯ ಮೊದಲ ಜಾವಾ. 1973ರ ಹೊತ್ತಿಗೆ ಜಾವಾ ಹೆಸರು ಬಿಟ್ಟು ಯೆಜ್ಡಿ ಅಂತ ಮಾರತೊಡಗಿದರು. ನಡುವೆ ಸ್ವಲ್ಪ ಕಾಲ ಎರಡೂ ಹೆಸರು ಒಟ್ಟಿಗೆ ಓಡಾಡಿದವು. ಜಾವಾ ಯೆಜ್ಡಿ ಅನ್ನುವ ಗಾಡಿಗಳು ಆ ಕಾಲದವು.

ಬದಲಾದದ್ದು ಗಾಡಿಯ ಹೆಸರು ಮಾತ್ರ. ಕಂಪನಿ 1996ರಲ್ಲಿ ಬಾಗಿಲು ಹಾಕುವವರೆಗೂ ಐಡಿಯಲ್ ಜಾವಾ ಅಂತಲೇ ಇತ್ತು. ಹಾಗಾಗಿ 1985ರ ಯೆಜ್ಡಿ ರೋಡ್‌ಕಿಂಗ್ ಆರ್‌ಸಿಯಲ್ಲೂ ತಯಾರಕರ ಜಾಗದಲ್ಲಿ ಐಡಿಯಲ್ ಜಾವಾ ಅಂತ ಬಂದಿರಬಹುದು. ನಿಮ್ಮ ಆರ್‌ಸಿಯಲ್ಲಿ ಆ ಹೆಸರು ಇದೆ ಅಂದ ಮಾತ್ರಕ್ಕೆ ಗಾಡಿ ಜಾವಾ ಆಗುವುದಿಲ್ಲ. ಮೈಸೂರಿನ ಕಡೆ ಹಳಬರು ಯೆಜ್ಡಿಯನ್ನೂ ಜಾವಾ ಅಂತಲೇ ಕರೆಯುತ್ತಾರೆ, ಅದು ಬೇರೆ.

ನಂಬರ್ ಪ್ಲೇಟಿನ ಎಂವೈ ಬಗ್ಗೆಯೂ ಒಂದು ಮಾತು. 1973ರ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಜಾವಾ ಯೆಜ್ಡಿ ಆಯಿತು. ಆದರೆ ಪ್ಲೇಟಿನ ಮೇಲೆ ಮೈಸೂರು ಇನ್ನೂ ಕೆಲವು ವರ್ಷ ಉಳಿದುಕೊಂಡಿತ್ತು. ಆಮೇಲೆ ಎಂಇ, ಸಿಎ ಅಂತ ಶುರುವಾಗುವ ನಂಬರ್‌ಗಳೂ ಬಂದವು. ಈಗಿನ ಕೆಎ ಬಂದದ್ದು 1989ರಲ್ಲಿ. ಹಾಗಾಗಿ 1975, ಎಂವೈ ಎರಡಕ್ಕೂ ತಾಳೆ ಇದೆ. ಗಾಡಿ ಬೇರೆ ರಾಜ್ಯದಿಂದ ತಡವಾಗಿ ಬಂದದ್ದೋ, ಹಳೇ ಗಾಡಿಗೆ ಹೊಸದಾಗಿ ನಂಬರ್ ಮಾಡಿಸಿದ್ದೋ ಇರಬಹುದಾ ಎಂಬ ಅನುಮಾನಕ್ಕೆ ಉತ್ತರ ಆರ್‌ಟಿಒದಲ್ಲಿ ಸಿಗುತ್ತದೆ. ಅಲ್ಲಿ ‘ಬಿ ಎಕ್ಸ್‌ಟ್ರಾಕ್ಟ್’ ಕೇಳಿ. ಅವರ ರಿಜಿಸ್ಟರಿನಲ್ಲಿ ಈ ಗಾಡಿಯ ಬಗ್ಗೆ ಬರೆದಿರುವುದರ ನಕಲು ಅದು. ಮೊದಲ ನೋಂದಣಿ ದಿನ, ಚಾಸಿ ನಂಬರ್, ಇಂಜಿನ್ ನಂಬರ್, ತಯಾರಾದ ವರ್ಷ ಎಲ್ಲ ಅದರಲ್ಲಿ ಇರಬೇಕು. ಮನೆಯಲ್ಲಿರುವ ಆರ್‌ಸಿ ಪುಸ್ತಕದಲ್ಲಿ ಇಂಕು ಹರಡಿದ್ದರೂ ಇದರಲ್ಲಿ ಸಿಗಬಹುದು.

ಇನ್ನೊಂದು ದಾಖಲೆ ನಿಮ್ಮ ಮನೆಯಲ್ಲೇ ಇದೆ. ಮದುವೆ ಆಲ್ಬಂ. ಸುಮ್ನೆ ಹೇಳುತ್ತಿಲ್ಲ. ಆ ಕಾಲದಲ್ಲಿ ಮನೆಗೆ ಬೈಕ್ ಬಂತೆಂದರೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದವರು ಕಡಿಮೆ. ಕಪ್ಪು ಬಿಳುಪಾದರೂ ಪರವಾಗಿಲ್ಲ. ಟ್ಯಾಂಕಿನ ಆಕಾರ, ಬ್ಯಾಡ್ಜ್, ಹೆಡ್‌ಲೈಟ್, ಸೀಟು, ನಂಬರ್ ಪ್ಲೇಟು ಅದರಲ್ಲಿ ಕಾಣುತ್ತದೆ. ನಾನು ಒಮ್ಮೆ ಒಂದು ಗಾಡಿಯ ವಿಷಯದಲ್ಲಿ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಆ ಮನೆಯ ಅಜ್ಜಿ ಟ್ರಂಕಿನಿಂದ ಒಂದು ನಾಮಕರಣದ ಫೋಟೋ ತೆಗೆದು ಕೊಟ್ಟರು. ಮಗುವಿನ ಹಿಂದೆ ಗಾಡಿ ನಿಂತಿತ್ತು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ನಿಮ್ಮ ಅಜ್ಜಿ ಇದ್ದರೆ ಅವರನ್ನು ಕೇಳಿ. ಗಾಡಿ ಹೊಸದಾಗಿ ಬಂದಾಗ ಯಾವ ಬಣ್ಣ ಇತ್ತು, ಟ್ಯಾಂಕ್ ಯಾವಾಗಲಾದರೂ ಸೋರಿತ್ತಾ, ಯಾರು ಬದಲಾಯಿಸಿದ್ದು. ನನ್ನ ಊಹೆ ಏನೆಂದರೆ, ನಿಮ್ಮ ಅಜ್ಜನೇ ಯಾವತ್ತೋ ಟ್ಯಾಂಕ್ ತೂತಾದಾಗ ಗುಜರಿಯಿಂದ ಒಂದು ಜಾವಾ ಟ್ಯಾಂಕ್ ತಂದು ಕೂರಿಸಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಗಾಡಿಯಲ್ಲಿ ಇದೆಲ್ಲ ಸಹಜ. ಅದನ್ನು ಮೋಸ ಅನ್ನಬಾರದು.

ಮೋಸ ಹೇಗಿರುತ್ತದೆ ಅಂತ ನನಗೆ ಸ್ವಂತ ದುಡ್ಡಿನಲ್ಲಿ ಗೊತ್ತಾಯಿತು. 1994ರಲ್ಲಿ ಒಬ್ಬರಿಂದ ‘1963ರ ಒರಿಜಿನಲ್ ಜಾವಾ’ ಅಂತ ಒಂದು ಗಾಡಿ ಕೊಂಡೆ. ಮರೂನ್ ಬಣ್ಣ, ಕ್ರೋಮ್ ಟ್ಯಾಂಕ್, ಮೊಣಕಾಲಿಗೆ ರಬ್ಬರ್ ಪ್ಯಾಡ್, ಎಲ್ಲ ಬೊಂಬೆ ಹಾಗೆ ಇತ್ತು. ಹೆಸರು ಬದಲಾಯಿಸಲು ಆರ್‌ಟಿಒಗೆ ಒಯ್ದೆ. ಇನ್ಸ್‌ಪೆಕ್ಟರ್ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅಂಕಿಗಳು ಬಂದವು. ಜೊತೆಗೆ ಸುತ್ತ ಒಂದು ಚೌಕಾಕಾರದ ಗೆರೆಯೂ ಬಂತು. ಬೇರೆ ಗಾಡಿಯ ಕತ್ತಿನಿಂದ, ಅಂದರೆ ಹ್ಯಾಂಡಲ್ ಕೂರುವ ಪೈಪಿನಿಂದ, ನಂಬರ್ ಇರುವ ತುಂಡು ಕೊಯ್ದು, ಇದರ ಕತ್ತಿಗೆ ವೆಲ್ಡ್ ಮಾಡಿ, ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದಿದ್ದರು. ಆ ಗಾಡಿಯಿಂದ ನನಗೆ ಉಳಿದದ್ದು ಹೆಡ್‌ಲೈಟಿನ ಬುರುಡೆ ಒಂದೇ. ಇವತ್ತಿಗೂ ಮೇಜಿನ ಮೇಲಿದೆ, ಪೆನ್ನು ಹಾಕಿಡುತ್ತೇನೆ.

ಅವತ್ತಿನಿಂದ ನಾನು ಗಾಡಿಯನ್ನು ಉಲ್ಟಾ ಓದುತ್ತೇನೆ. ಯಾವುದನ್ನು ಬದಲಾಯಿಸುವುದು ಕಷ್ಟವೋ ಅದನ್ನು ಮೊದಲು ನೋಡುತ್ತೇನೆ. ಕಣ್ಣಿಗೆ ಮೊದಲು ಬೀಳುವ ಟ್ಯಾಂಕ್, ಬ್ಯಾಡ್ಜ್, ಬಣ್ಣ, ಸೀಟು ಎಲ್ಲ ಕೊನೆಗೆ. ಅವೆಲ್ಲ ಒಂದು ಮಧ್ಯಾಹ್ನದಲ್ಲಿ ಬದಲಾಯಿಸಬಹುದಾದ ಸಾಮಾನು. ಈಗಂತೂ ಹೊಸದಾಗಿ ಮಾಡಿದ ಬ್ಯಾಡ್ಜ್, ಟ್ಯಾಂಕ್ ಎಲ್ಲ ಸಿಗುತ್ತದೆ. 2018ರಲ್ಲಿ ಜಾವಾ ಹೆಸರಿನ ಹೊಸ ಬೈಕ್‌ಗಳು ಮಾರುಕಟ್ಟೆಗೆ ಬಂದ ಮೇಲೆ ಹಳೇ ಜಾವಾ ಕೇಳುವವರೂ ಜಾಸ್ತಿ ಆದರು.

ನಿಮ್ಮ ಗಾಡಿಯ ಜಾತಕ ಇರುವುದು ಚಾಸಿಯ ಕತ್ತಿನಲ್ಲಿ. ಹ್ಯಾಂಡಲ್ ಕೂರುವ ಆ ದಪ್ಪ ಪೈಪ್ ಹತ್ತಿರ ನಂಬರ್ ಒತ್ತಿರುತ್ತಾರೆ. ವೈರ್ ಬ್ರಷ್ ಹಾಕಬೇಡಿ, ಎಮರಿ ಪೇಪರ್ ಬೇಡವೇ ಬೇಡ. ಬಟ್ಟೆಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒಂದು ರಾತ್ರಿ ಸುತ್ತಿಡಿ. ಬೆಳಿಗ್ಗೆ ಮೆತ್ತಗೆ ಒರೆಸಿ. ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಅಂಕಿಗಳ ನಡುವಿನ ಜಾಗ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಹೆದರಬೇಡಿ. ಒಂದೊಂದೇ ಅಂಕಿಯನ್ನು ಕೈಯಲ್ಲಿ ಹೊಡೆದಾಗ ಎಲ್ಲವೂ ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಹೆದರಬೇಕಾದದ್ದು ಸುತ್ತಲಿನ ಲೋಹಕ್ಕೆ. ಗ್ರೈಂಡರ್ ಆಡಿಸಿದ ಗೀರು ಇದೆಯಾ? ಆ ಜಾಗ ಮಾತ್ರ ತಗ್ಗಾಗಿದೆಯಾ? ಹಳೇ ಅಂಕಿಯ ನೆರಳು ಕೆಳಗೆ ಕಾಣುತ್ತದಾ? ಹಾಗಿದ್ದರೆ ಆಮೇಲೆ ಪಂಚ್ ಮಾಡಿಸಿದ್ದು. ತುಕ್ಕು ಹಿಡಿದು ಅಳಿಸಿಹೋದಾಗ ಆರ್‌ಟಿಒ ಅನುಮತಿ ಪಡೆದು ಮತ್ತೆ ಪಂಚ್ ಮಾಡಿಸುವುದೂ ಉಂಟು. ಹಾಗೆ ಮಾಡಿಸಿದ್ದರೆ ಅದಕ್ಕೆ ಕಾಗದ ಇರಬೇಕು.

ಚಾಸಿ ನಂಬರ್ ಬಿ ಎಕ್ಸ್‌ಟ್ರಾಕ್ಟ್ ಜೊತೆ ಕೂಡಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ಇಂಜಿನ್ ನಂಬರ್. ಅದೂ ಕೂಡಿದರೆ ಅಜ್ಜ ತಂದ ಇಂಜಿನ್ನೇ ಇನ್ನೂ ಅದರಲ್ಲಿದೆ. ಕೂಡದಿದ್ದರೆ ಇಂಜಿನ್ ಬದಲಾಗಿದೆ, ಅದನ್ನು ಆರ್‌ಸಿಯಲ್ಲಿ ಬರೆಸಿಲ್ಲ. ಹಳ್ಳಿಗಳಲ್ಲಿ ಇದು ತುಂಬಾ ಮಾಮೂಲು. ಇಂಜಿನ್ ಸೀಜ್ ಆಯಿತು, ಪಕ್ಕದೂರಿನಲ್ಲಿ ಒಂದು ಇತ್ತು, ಹಾಕಿಸಿದರು. ಅಷ್ಟೇ. ಸಂಗ್ರಹ ಮಾಡುವವರ ಲೆಕ್ಕದಲ್ಲಿ ಮಾತ್ರ ಇದು ದೊಡ್ಡ ವ್ಯತ್ಯಾಸ.

ನೀವು ಹೇಳಿದ ಉಬ್ಬು ಅಕ್ಷರದ ಕವರ್ ಒಳ್ಳೆಯ ಸುಳಿವು. ಆದರೆ ಅದೊಂದನ್ನೇ ನಂಬಲಾಗುವುದಿಲ್ಲ. ಕವರ್‌ಗೆ ನಾಲ್ಕಾರು ಸ್ಕ್ರೂ ಅಷ್ಟೇ. ಸಿ.ಸಿ. ಅಳೆದು ಗುರುತಿಸೋಣ ಅಂದರೆ ಅದೂ ಆಗುವುದಿಲ್ಲ. ಹಳೇ 250 ಜಾವಾದಲ್ಲೂ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75 ಮಿ.ಮೀ. ರೋಡ್‌ಕಿಂಗ್‌ನಲ್ಲೂ ಅಷ್ಟೇ. ಗೇರ್ ಹಾಕುವ ಕಡ್ಡಿಯೇ ಕಿಕ್ಕರ್ ಆಗುವುದು, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್ ಇರುವುದು, ಇವು ಎರಡು ಹೆಸರಿನ ಗಾಡಿಗಳಲ್ಲೂ ಇವೆ. ಅವುಗಳಿಂದ ಇದು ಬುಲೆಟ್ ಅಲ್ಲ, ರಾಜದೂತ್ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ.

ಹಾಗಾದರೆ ಹಳೇ ಜಾವಾದ ನಿಜವಾದ ಗುರುತು ಏನು? ಒಂದು, ಹೆಡ್‌ಲೈಟಿನ ಬುರುಡೆಯೊಳಗೇ ಸ್ಪೀಡೋಮೀಟರ್ ಮತ್ತು ಸ್ವಿಚ್ ಕೂತಿರುತ್ತವೆ. ಕೀ ಅಂದರೆ ಒಂದು ಮೊಳೆ. ನಿಜವಾಗಿಯೂ ಮೊಳೆಯ ಹಾಗೇ ಇರುತ್ತದೆ, ಕೀ ಕಳೆದುಹೋದರೆ ಮೊಳೆಯಲ್ಲೇ ಕೆಲಸ ಸಾಗಿಸುತ್ತಿದ್ದರು. ಎರಡು, ಕಾರ್ಬರೇಟರ್ ಹೊರಗೆ ಕಾಣುವುದಿಲ್ಲ. ಅದನ್ನು ಒಂದು ನುಣ್ಣನೆಯ ಕವರ್ ಮುಚ್ಚಿರುತ್ತದೆ. ಮೆಕ್ಯಾನಿಕ್‌ಗಳಿಗೆ ಆ ಕವರ್ ಕಂಡರೆ ಆಗುತ್ತಿರಲಿಲ್ಲ. ಪ್ರತಿ ಸಲ ಬಿಚ್ಚಬೇಕಲ್ಲ! ಎಷ್ಟೋ ಕವರ್ ಗ್ಯಾರೇಜಿನ ಮೂಲೆ ಸೇರಿ ಕಳೆದುಹೋದವು. ಹಾಗಾಗಿ ಕವರ್ ಇಲ್ಲ ಅಂದರೆ ಜಾವಾ ಅಲ್ಲ ಅನ್ನುವಂತಿಲ್ಲ. ಮೂರು, ಗೇರ್ ಕಡ್ಡಿ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಆದರೆ ಇದು ಮುಂದೆ ಯೆಜ್ಡಿಗೂ ಬಂದ ಗುಣ. ಜಾವಾದಲ್ಲೇ ಎ ಟೈಪ್, ಬಿ ಟೈಪ್ ಅಂತ ಮತ್ತೆ ಎರಡು ಇವೆ. ಅದರ ಬಗ್ಗೆ ಇಬ್ಬರು ಜಾವಾ ಪ್ರೇಮಿಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸಬೇಡಿ, ಊಟದ ಹೊತ್ತು ಮೀರುತ್ತದೆ.

ನಿಮ್ಮ ಗಾಡಿಯಲ್ಲಿ ನನಗೆ ಕುತೂಹಲ ಇರುವುದು ಬೇರೆ ಕಡೆ. ಯೆಜ್ಡಿಯಲ್ಲಿ ಆಯಿಲ್‌ಕಿಂಗ್ ಅಂತ ಒಂದು ಮಾಡೆಲ್ ಇತ್ತು. ಇವೆಲ್ಲ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕು. ಆಯಿಲ್‌ಕಿಂಗ್‌ನಲ್ಲಿ ಹಾಗಲ್ಲ. ಆಯಿಲ್‌ಗೆ ಬೇರೆ ಜಾಗ, ಬೇರೆ ಪಂಪ್. ಪಂಪ್ ಕೈಕೊಟ್ಟರೆ ಇಂಜಿನ್ ಸೀಜ್ ಆಗುತ್ತದೆ ಅನ್ನುವ ಭಯಕ್ಕೆ ಬಹಳ ಜನ ಪಂಪ್ ತೆಗೆಸಿ, ದಾರಿ ಮುಚ್ಚಿಸಿ, ಹಳೇ ರೀತಿ ಬೆರೆಸುವುದಕ್ಕೇ ಹೋದರು. ಪಂಪ್ ಇರುವ, ಕೆಲಸ ಮಾಡುವ ಆಯಿಲ್‌ಕಿಂಗ್ ಈಗ ನೋಡಲು ಸಿಗುವುದೇ ಅಪರೂಪ. ಇಂಜಿನ್ ಹತ್ತಿರ ಎಲ್ಲಿಗೂ ಹೋಗದ ತೆಳು ಪೈಪಿನ ತುಂಡೋ, ತಗಡು ಹಾಕಿ ಬೋಲ್ಟ್ ಬಿಗಿದು ಮುಚ್ಚಿದ ತೂತೋ ಕಂಡರೆ ಅದರ ಫೋಟೋ ಕಳಿಸಿ. ಮೆಕ್ಯಾನಿಕ್ ಹೇಳಿದ ‘ಮಾಮೂಲಿ ಯೆಜ್ಡಿ’ ಅಷ್ಟೇನೂ ಮಾಮೂಲಿ ಆಗದೆ ಇರಬಹುದು. ಈ ಮನೆತನದಲ್ಲಿ ನಿಜಕ್ಕೂ ಕಮ್ಮಿ ಸಿಗುವ ಇನ್ನೊಂದು ಎರಡು ಸಿಲಿಂಡರಿನ ಯೆಜ್ಡಿ 350. ಅದು 80ರ ದಶಕದ್ದು, ನಿಮ್ಮದು ಆಗಲಾರದು.

ಇದೇ ರೀತಿ ಉಲ್ಟಾ ಓದಿದರೆ ಬೇರೆ ಗಾಡಿಗಳ ಬಣ್ಣವೂ ಬಯಲಾಗುತ್ತದೆ. ನಿಮ್ಮ ಚಿಕ್ಕಪ್ಪನಂಥವರು ಪ್ರತಿ ಊರಲ್ಲೂ ಇರುತ್ತಾರೆ, ಹಾಗಾಗಿ ಮೂರು ಉದಾಹರಣೆ ಹೇಳುತ್ತೇನೆ. ಯಮಹಾ ಆರ್‌ಎಕ್ಸ್ 100 ಅಂತ ಮಾರುವ ಎಷ್ಟೋ ಗಾಡಿಗಳು ಆರ್‌ಎಕ್ಸ್ 135ಕ್ಕೆ ಹಳೇ ಬ್ಯಾಡ್ಜ್ ಅಂಟಿಸಿದವು. ಅಸಲಿ 100ರ ನಂಬರ್ 1ಎಲ್1 ಅಂತ ಶುರುವಾಗುತ್ತದೆ. ಅದರ ಇಂಜಿನ್ 98 ಸಿ.ಸಿ., 135ರದ್ದು 132. ಇನ್ನು ‘ಇದು ಜಪಾನಿನ ಯಮಹಾ ಆರ್‌ಡಿ 350, ನಮ್ಮ ರಾಜದೂತ್ ಅಲ್ಲ’ ಅಂತ ಯಾರಾದರೂ ಹೇಳಿದರೆ ಮುಂದಿನ ಬ್ರೇಕ್ ನೋಡಿ. ಅದೇ ಗಾಡಿಯ ಇಲ್ಲಿ ತಯಾರಾದ ರೂಪ ರಾಜದೂತ್ 350ಕ್ಕೆ ಮುಂದೆ ಡ್ರಮ್ ಬ್ರೇಕ್ ಇತ್ತು. ಡಿಸ್ಕ್ ಇದ್ದರೆ ನಂಬುವ ಮೊದಲು ಮತ್ತೆ ಚಾಸಿ ನಂಬರಿಗೆ ಬನ್ನಿ, ಯಾಕೆಂದರೆ ಡಿಸ್ಕ್ ಕೂರಿಸುವ ಕೈಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಯುದ್ಧದ ಕಾಲದ ಬ್ರಿಟಿಷ್ ಮಿಲಿಟರಿ ಗಾಡಿಗಳ ಕಥೆ ಇನ್ನೂ ಸ್ವಾರಸ್ಯ. ಬಿಎಸ್‌ಎ ಎಂ20ಯ ನಂಬರ್ ಡಬ್ಲ್ಯೂಎಂ20 ಅಂತ ಶುರುವಾಗುತ್ತದೆ. ಸೇನೆ ಹರಾಜು ಹಾಕಿದ ಮೇಲೆ ನೋಂದಣಿ ಆದದ್ದರಿಂದ ಆರ್‌ಸಿಯ ವರ್ಷಕ್ಕೂ ಗಾಡಿಯ ವಯಸ್ಸಿಗೂ ಸಂಬಂಧ ಇರದಿರಬಹುದು. ನಿಮ್ಮ ಗಾಡಿಗೆ ಆ ತಾಪತ್ರಯ ಇಲ್ಲ.

ಈಗ ಕಾಗದದ ವಿಷಯ. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಆರ್‌ಸಿ ಅಜ್ಜನ ಹೆಸರಿನಲ್ಲಿದೆ. ಅಜ್ಜ ಇಲ್ಲದಿದ್ದರೆ ಮನೆಯವರ ಒಪ್ಪಿಗೆ ಪತ್ರಗಳ ಜೊತೆ ಫಾರಂ 31 ಹಾಕಿ ಹೆಸರು ಬದಲಾಯಿಸಿ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಮುಂದೆ ತೊಂದರೆ. ಗಾಡಿಗೆ 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿಯ ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿತು. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಲು 5,000. ಆದರೆ ಚಾಸಿ, ಬಾಡಿ, ಇಂಜಿನ್ ಮೂಲದಂತೆಯೇ ಇರಬೇಕು. ದಿನಾ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿಗೆ ಒಯ್ಯುವುದು, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ಭಾನುವಾರ ಹಾಸನಕ್ಕೆ ಹೋಗಿ ಕಾಫಿ ಕುಡಿದು ಬರುವ ಆಸೆ ಇದ್ದರೆ ಇದು ಬೇಡ. ಹಳೇ ಎಂವೈ ನಂಬರನ್ನೇ ನವೀಕರಿಸಿ ಉಳಿಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆ ನಂಬರ್ ಪ್ಲೇಟಿಗೇ ಒಂದು ಅಂದ ಇದೆ.

ಇನ್ನೊಂದು ಎಚ್ಚರ. ಉತ್ಸಾಹದಲ್ಲಿ ಕಿಕ್ ಹೊಡೆಯಬೇಡಿ. ಇಪ್ಪತ್ತು ವರ್ಷ ನಿಂತ ಸಿಲಿಂಡರಿನೊಳಗೆ ತುಕ್ಕು ಇರುತ್ತದೆ, ರಿಂಗ್ ಅಂಟಿರುತ್ತದೆ. ಮೊದಲು ಪ್ಲಗ್ ಬಿಚ್ಚಿ, ಸ್ವಲ್ಪ ಆಯಿಲ್ ಬಿಟ್ಟು ಎರಡು ಮೂರು ದಿನ ಬಿಡಿ. ಆಮೇಲೆ ಕೈಯಲ್ಲಿ ಮೆತ್ತಗೆ ತಿರುಗುತ್ತದಾ ನೋಡಿ. ಎರಡೂ ಸೈಲೆನ್ಸರ್ ಒಳಗೆ ಇಣುಕಿ. ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಸೈಲೆನ್ಸರ್ ಇಲಿಗಳಿಗೆ ರೆಡಿಮೇಡ್ ಮನೆ. ಸ್ಟಾರ್ಟ್ ಮಾಡುವ ದಿನ ಬಂದಾಗ ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿಯೇ ಹಾಕಿ. ಅದು ಆಯಿಲ್‌ಕಿಂಗ್ ಅಂತ ಗೊತ್ತಾದರೂ ಬೆರೆಸಿಯೇ ಹಾಕಿ. ಇಷ್ಟು ವರ್ಷ ಮಲಗಿದ್ದ ಪಂಪನ್ನು ನಂಬುವುದು ಬೇಡ.

ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರಿನಲ್ಲಿ ಜಾವಾ ದಿನ ಅಂತ ಸೇರುತ್ತಾರೆ. ಅಲ್ಲಿಗೆ ಫೋಟೋಗಳನ್ನು ಒಯ್ದು ತೋರಿಸಿ. ಚಾಸಿಯ ಕತ್ತು, ಇಂಜಿನ್‌ನ ಎರಡೂ ಬದಿ, ಹೆಡ್‌ಲೈಟ್ ಮೇಲಿನಿಂದ, ಟ್ಯಾಂಕಿನ ಅಡಿಭಾಗ, ಇಷ್ಟು ಇರಲಿ. ಅಕ್ಕಪಕ್ಕ ನಿಂತ ಹತ್ತಾರು ಗಾಡಿಗಳ ಜೊತೆ ಹೋಲಿಸಿ ನೋಡಿದರೆ ನಾನು ಬರೆದು ಹೇಳುವುದಕ್ಕಿಂತ ಬೇಗ ತಿಳಿಯುತ್ತದೆ. ಪೂರ್ತಿ ನಂಬರ್ ಮಾತ್ರ ಯಾರ ಕೈಗೂ ಕೊಡಬೇಡಿ. ಕೊನೆಯ ಮೂರು ಅಂಕಿ ಮುಚ್ಚಿಡಿ. ಆ ನಂಬರ್ ನಾಳೆ ಯಾವುದೋ ಕದ್ದ ಗಾಡಿಯ ಕತ್ತಿನ ಮೇಲೆ ಕೂರಬಾರದು.

ಇನ್ನು ಟ್ಯಾಂಕ್ ಕೇಳಿದವರ ಮಾತು. ಅವರಿಗೆ ವಿಷಯ ಗೊತ್ತಿದೆ. ಟ್ಯಾಂಕ್ ಮಾತ್ರ ಬೇಕು ಅಂದರು ಅಂದರೆ, ಆ ಟ್ಯಾಂಕ್ ಇತ್ತೀಚೆಗೆ ಮಾಡಿದ ನಕಲಿ ಅಲ್ಲ, ಹಳೇ ಜಾವಾದ್ದೇ ಅಂತ ಅವರಿಗೆ ಅನ್ನಿಸಿದೆ. ಚಿಕ್ಕಪ್ಪ ಪೂರ್ತಿ ತಪ್ಪಲ್ಲ ಅಂದೆನಲ್ಲ, ಇದಕ್ಕೇ. ನಿಮ್ಮ ಕೊಟ್ಟಿಗೆಯಲ್ಲಿ 60ರ ದಶಕದ ಜಾವಾದ ಒಂದು ತುಂಡು ಇರಲಿಕ್ಕೆ ಸಾಕು, ಅದು ಟ್ಯಾಂಕ್ ಮಾತ್ರ. ಯೆಜ್ಡಿಗೆ ಅದರದ್ದೇ ಟ್ಯಾಂಕ್ ಸಿಗುವವರೆಗೆ ಇದನ್ನು ಬಿಚ್ಚಬೇಡಿ. ಸಿಕ್ಕ ಮೇಲೆ ಈ ಟ್ಯಾಂಕನ್ನು ಮಾರುವುದಾದರೆ, ಟ್ಯಾಂಕ್ ಇಲ್ಲದೆ ನಿಂತಿರುವ ಒಂದು ಜಾವಾ ಇರುವವರಿಗೇ ಕೊಡಿ. ಅಂಥವರು ಇಬ್ಬರು ನನಗೇ ಗೊತ್ತು.